‘ಏನಿಲ್ಲ ಮೇಡಂ’

(ನಾನು ಮಕ್ಕಳ ಕೌನ್ಸೆಲರ್. ಗುಂಪಿನ ಆಟ, ಸಾಹಸಗಳ ಮೂಲಕ ಮಾಡುವ ಕೌನ್ಸೆಲಿಂಗ್ ಬಗ್ಗೆ ಚಿಕ್ಕಮಗಳೂರಿನಲ್ಲಿ ಹಾಸ್ಟೆಲ್ ವಾರ್ಡನ್‌ಗಳು, ಶಿಕ್ಷಕರು ಮತ್ತು ಒಂದಷ್ಟು ಪೋಷಕರ ಮುಂದೆ ಆಡಿದ ಮಾತು ಇದು. ಅವತ್ತು ಎರಡು ಸಲ ಕರೆಂಟ್ ಹೋಗಿ ಮೈಕ್ ನಿಂತಿತ್ತು. ಹಿಂದೆ ಕೂತವರಿಗೆ ಕೇಳಿಸದೆ ಹೋದದ್ದನ್ನೂ ಸೇರಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಕೆಲಸದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಯಾವುದು ಗೊತ್ತಾ? ‘ಏನಿಲ್ಲ ಮೇಡಂ.’

ವಾರ್ಡನ್ ಒಬ್ಬ ಹುಡುಗನನ್ನು ಕಳಿಸುತ್ತಾರೆ. ಹದಿನಾರು ವರ್ಷ, ಮೀಸೆ ಈಗಷ್ಟೇ ಚಿಗುರುತ್ತಿದೆ. ಕುರ್ಚಿಯ ತುದಿಯಲ್ಲಿ ಕೂರುತ್ತಾನೆ. ‘ಏನಾಯ್ತಪ್ಪ?’ ‘ಏನಿಲ್ಲ ಮೇಡಂ.’ ‘ಊಟ ಸರಿಯಾಗಿ ಮಾಡ್ತಿಲ್ವಂತೆ?’ ‘ಹಂಗೇನಿಲ್ಲ ಮೇಡಂ.’ ‘ರಾತ್ರಿ ನಿದ್ದೆ ಬರುತ್ತಾ?’ ‘ಬರುತ್ತೆ ಮೇಡಂ.’ ಹೀಗೇ ನಲವತ್ತು ನಿಮಿಷ. ನನ್ನ ರೂಮಿನ ಆ ಕುರ್ಚಿಯ ರೆಕ್ಸಿನ್‌ನಲ್ಲಿ ಒಂದು ತೂತಿದೆ. ಬಂದವರೆಲ್ಲ ಅದರೊಳಗೆ ಬೆರಳು ಹಾಕಿ ಸ್ವಲ್ಪ ಸ್ವಲ್ಪ ದೊಡ್ಡದು ಮಾಡಿ ಹೋಗಿದ್ದಾರೆ. ಕುರ್ಚಿ ರಿಪೇರಿ ಮಾಡಿಸಿ ಅಂತ ಆಫೀಸಿನವರು ಹೇಳುತ್ತಲೇ ಇದ್ದಾರೆ. ನಾನು ಬೇಡ ಅಂತಿದ್ದೀನಿ. ಬಾಯಿ ಏನಿಲ್ಲ ಅಂದರೂ ಬೆರಳು ಅಷ್ಟಾದರೂ ಹೇಳುತ್ತದಲ್ಲ.

ಇದು ಮಕ್ಕಳ ತಪ್ಪಲ್ಲ. ನಮ್ಮ ಮನೆಗಳಲ್ಲಿ ಹದಿನಾರರ ಹುಡುಗನನ್ನು ‘ಮನಸ್ಸಿಗೆ ಹೇಗಿದೆ’ ಅಂತ ಯಾರು ಕೇಳುತ್ತಾರೆ? ‘ಊಟ ಆಯ್ತಾ’ ಅಂತ ಕೇಳುತ್ತೇವೆ. ಪ್ರೀತಿ ಅದರಲ್ಲೇ ಇರುತ್ತದೆ, ಇಲ್ಲ ಅಂತಲ್ಲ. ಆದರೆ ಅದಕ್ಕೆ ಉತ್ತರ ‘ಆಯ್ತು’ ಅಥವಾ ‘ಇಲ್ಲ’, ಎರಡೇ. ಇನ್ನು ನಮ್ಮ ‘ಬೇಜಾರು’ ಅನ್ನೋ ಪದ ನೋಡಿ. ಅಜ್ಜಿ ತೀರಿಕೊಂಡರೂ ಬೇಜಾರು, ಪಾಠ ಹಿಡಿಸದಿದ್ದರೂ ಬೇಜಾರು, ಗೆಳೆಯ ಮಾತು ಬಿಟ್ಟರೂ ಬೇಜಾರು, ಅಪ್ಪ ಕುಡಿದು ಬಂದರೂ ಬೇಜಾರು. ಇಷ್ಟೆಲ್ಲ ಹೊರೆ ಹೊತ್ತ ಒಂದೇ ಪದ ಹಿಡಿದುಕೊಂಡು ಆ ಹುಡುಗ ನನ್ನ ಮುಂದೆ ಕೂತಿರುತ್ತಾನೆ. ನಾನು ಅವನ ಮುಖ ನೋಡುತ್ತಾ ‘ಹೇಳು’ ಅಂತಿರುತ್ತೇನೆ.

ಅದೇ ಹುಡುಗನನ್ನು ಹನ್ನೊಂದು ಜನರ ಜೊತೆ ಸರ್ಪದಾರಿ ಹಿಡಿದು ಮುಳ್ಳಯ್ಯನಗಿರಿ ಹತ್ತಿಸಿ. ಕರ್ನಾಟಕದಲ್ಲೇ ಎತ್ತರದ ಶಿಖರ, ಸುಮಾರು 1,930 ಮೀಟರ್. ಅರ್ಧ ದಾರಿಯಲ್ಲಿ ಯಾರೋ ಮುಂದೆ ಓಡುತ್ತಾರೆ, ಯಾರೋ ಹಿಂದೆ ಉಳಿಯುತ್ತಾರೆ. ಇವನು ತನ್ನ ಬಾಟಲಿಯ ನೀರನ್ನು ಯಾರಿಗೆ ಕೊಡುತ್ತಾನೆ, ಯಾರಿಗೆ ಕೊಡುವುದಿಲ್ಲ, ಗಾಳಿ ಜೋರಾದಾಗ ಯಾರ ಪಕ್ಕ ಹೋಗಿ ನಿಲ್ಲುತ್ತಾನೆ ಅನ್ನೋದು ಕಣ್ಣಿಗೆ ಕಾಣುತ್ತದೆ. ಮುಖ ನೋಡಿಕೊಂಡು ಮಾತಾಡುವುದು ಕಷ್ಟ. ಇಬ್ಬರೂ ದಾರಿ ನೋಡಿಕೊಂಡು ಅಕ್ಕಪಕ್ಕ ನಡೆಯುವಾಗ ಮಾತು ತಾನಾಗೇ ಬರುತ್ತದೆ. ಹೆಂಗಸರು ಹಿಂದೆ ನೀರು ತರೋಕೆ ಹೋಗುವಾಗ, ಅಕ್ಕಿ ಆರಿಸುವಾಗ ಏನೆಲ್ಲ ಹೇಳಿಕೊಳ್ಳುತ್ತಿದ್ದರು ನೆನಪಿಸಿಕೊಳ್ಳಿ. ಕೈಕಾಲಿಗೆ ಕೆಲಸ ಸಿಕ್ಕಿದಾಗ ನಾಲಿಗೆ ಸಡಿಲವಾಗುತ್ತದೆ.

ಹಾಗಂತ ‘ಗುಡ್ಡ ಹತ್ತಿಸಿದರೆ ಮನಸ್ಸು ಸರಿಹೋಗುತ್ತೆ’ ಅಂತ ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಶನಿವಾರ ಭಾನುವಾರ ಗಿರಿಗೆ ಹೋಗುವ ಗಾಡಿಗಳ ಸಾಲು ನೀವು ನೋಡಿದ್ದೀರಿ. ಹತ್ತಿದವರೆಲ್ಲ ಸರಿಹೋಗುವ ಹಾಗಿದ್ದರೆ ಇಷ್ಟು ಹೊತ್ತಿಗೆ ಅರ್ಧ ಬೆಂಗಳೂರು ಸರಿಹೋಗಿರಬೇಕಿತ್ತು.

ಹೀಗೆ ಗುಂಪಲ್ಲಿ ಏನಾದರೂ ಮಾಡಿಸಿ, ಆಮೇಲೆ ಮಾತಾಡಿಸುವ ಪದ್ಧತಿ ಎಲ್ಲಿಂದ ಬಂತು ಅನ್ನೋದನ್ನು ಸ್ವಲ್ಪ ಹೇಳುತ್ತೇನೆ. ಹುಟ್ಟಿದ ಕಥೆಯಲ್ಲೇ ಇದರ ಗುಟ್ಟಿದೆ.

ಕುರ್ಟ್ ಹಾನ್ ಅಂತ ಒಬ್ಬ ಜರ್ಮನ್ ಮೇಷ್ಟ್ರು. 1886ರಲ್ಲಿ ಹುಟ್ಟಿದವರು, ಯಹೂದಿ ಮನೆತನ. ಹಿಟ್ಲರನನ್ನು ಬಹಿರಂಗವಾಗಿ ವಿರೋಧಿಸಿ 1933ರಲ್ಲಿ ಜೈಲಿಗೆ ಹೋದರು, ಬಿಡುಗಡೆಯಾದ ಮೇಲೆ ಬ್ರಿಟನ್ನಿಗೆ ಬಂದರು. ಮರುವರ್ಷ ಸ್ಕಾಟ್ಲೆಂಡಿನಲ್ಲಿ ಗಾರ್ಡನ್‌ಸ್ಟನ್ ಶಾಲೆ ತೆರೆದರು. ಆಮೇಲೆ ಎರಡನೇ ಮಹಾಯುದ್ಧ ಬಂತು. ಅಟ್ಲಾಂಟಿಕ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಬ್ರಿಟನ್ನಿನ ಸರಕು ಹಡಗುಗಳನ್ನು ಮುಳುಗಿಸುತ್ತಿದ್ದವು. ಲಾರೆನ್ಸ್ ಹೋಲ್ಟ್ ಅನ್ನೋ ಹಡಗು ಕಂಪನಿ ಮಾಲೀಕರಿಗೆ ಒಂದು ಸಂಗತಿ ಕೊರೆಯುತ್ತಿತ್ತು. ಲೈಫ್‌ಬೋಟ್ ಹತ್ತಿದ ನಾವಿಕರಲ್ಲಿ ಗಟ್ಟಿಮುಟ್ಟಾದ ಹುಡುಗರು ಬೇಗ ಕೈಚೆಲ್ಲುತ್ತಾರೆ, ಅವರಿಗಿಂತ ಹಳಬರು ಬದುಕಿ ಬರುತ್ತಾರೆ ಅನ್ನೋದು ಅವರ ಅನಿಸಿಕೆ. ಹಳಬರ ಹತ್ತಿರ ಇದ್ದದ್ದು ತೋಳಿನ ಬಲ ಅಲ್ಲ. ಹಿಂದೆ ಇಂಥದ್ದನ್ನು ದಾಟಿ ಬಂದಿದ್ದೇವೆ ಅನ್ನೋ ನೆನಪು, ಪಕ್ಕದವನ ಮೇಲಿನ ನಂಬಿಕೆ. ಈ ಇಬ್ಬರೂ ಸೇರಿ 1941ರಲ್ಲಿ ವೇಲ್ಸ್‌ನ ಅಬರ್‌ಡವಿ ಅನ್ನೋ ಕಡಲತೀರದ ಊರಲ್ಲಿ ಹುಡುಗರಿಗೆ ಒಂದು ಶಾಲೆ ಶುರುಮಾಡಿದರು. ಹೆಸರು ಔಟ್‌ವರ್ಡ್ ಬೌಂಡ್. ಬಂದರು ಬಿಟ್ಟು ಕಡಲಿಗೆ ಹೊರಟ ಹಡಗಿಗೆ ನಾವಿಕರು ಹೇಳುವ ಮಾತು ಅದು.

ಗಮನಿಸಿ, ಅವರಿಗೆ ಬೇಕಿದ್ದದ್ದು ಸಾಹಸಿಗಳಲ್ಲ. ದೋಣಿಯಲ್ಲಿ ಕೂತು ಕೈಬಿಡದೆ ಇರುವವರು.

ಆದರೆ ಸಮುದ್ರ, ಹಿಮ, ವಾರಗಟ್ಟಲೆ ಶಿಬಿರ ಇದೆಲ್ಲ ಎಲ್ಲರಿಗೂ ಎಲ್ಲಿ ಸಿಗುತ್ತೆ? 1971ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಹೈಸ್ಕೂಲಿನಲ್ಲಿ ಪ್ರಾಜೆಕ್ಟ್ ಅಡ್ವೆಂಚರ್ ಅನ್ನೋ ಪ್ರಯೋಗ ನಡೆಯಿತು. ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಬದಲು ಆ ಅನುಭವವನ್ನೇ ಶಾಲೆಯ ಮೈದಾನಕ್ಕೆ ತಂದರು. ಹಗ್ಗ, ಹಲಗೆ, ಮರದ ದಿಮ್ಮಿ, ಕಣ್ಣಿಗೆ ಬಟ್ಟೆ. ಅಲ್ಲಿಂದ ಇದು ನಿಧಾನವಾಗಿ ಕೌನ್ಸೆಲಿಂಗಿನ ಒಳಗೆ ಬಂತು. ನಾನು ಮಾಡುವುದು ಈ ಮೈದಾನದ ಕೆಲಸವೇ. ಗಿರಿ ವರ್ಷಕ್ಕೆ ಒಂದೋ ಎರಡೋ ಸಲ.

ಗುಂಪಿನಲ್ಲೇ ಯಾಕೆ, ಒಬ್ಬೊಬ್ಬರನ್ನೇ ಕೂರಿಸಬಹುದಲ್ಲ ಅಂತ ಕೇಳುತ್ತಾರೆ. 1905ರಲ್ಲಿ ಬೋಸ್ಟನ್ನಿನಲ್ಲಿ ಜೋಸೆಫ್ ಪ್ರ್ಯಾಟ್ ಅನ್ನೋ ಡಾಕ್ಟರು ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಟ್ಟಿಗೆ ಕೂರಿಸಿ ಪಾಠ ಹೇಳುತ್ತಿದ್ದರು. ಚೊಕ್ಕಟವಾಗಿರಿ, ಗಾಳಿ ಬೆಳಕಲ್ಲಿರಿ, ವಿಶ್ರಾಂತಿ ತಗೊಳ್ಳಿ, ಇಂಥವು. ಪಾಠಕ್ಕಿಂತ ಹೆಚ್ಚಾಗಿ ರೋಗಿಗಳಿಗೆ ಒಬ್ಬರಿಂದ ಒಬ್ಬರಿಗೆ ಧೈರ್ಯ ಬರುತ್ತಿತ್ತು. ಗುಂಪು ಚಿಕಿತ್ಸೆಯ ಚರಿತ್ರೆ ಸಾಮಾನ್ಯವಾಗಿ ಅಲ್ಲಿಂದ ಶುರುವಾಗುತ್ತದೆ. ‘ನಂಗೊಬ್ಬನಿಗೇ ಹಿಂಗೆ’ ಅನ್ನೋ ಭಾವನೆ ಇದೆಯಲ್ಲ, ಅದನ್ನು ಕೌನ್ಸೆಲರ್ ಹತ್ತು ಸಲ ಬೇಡ ಅಂದರೂ ಹೋಗಲ್ಲ. ಪಕ್ಕದ ಮಂಚದ ಹುಡುಗ ‘ನಂಗೂ ಹಂಗೇ ಆಗುತ್ತೆ ಕಣೋ’ ಅಂದರೆ ಹೋಗುತ್ತದೆ.

ಈಗ ಒಂದು ಟಾರ್ಪಾಲಿನ ಕಥೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಒಂದು ಹಾಸ್ಟೆಲಿನ ಪಿಯುಸಿ ಹುಡುಗರು, ಹನ್ನೊಂದು ಜನ. ತಮ್ಮತಮ್ಮಲ್ಲೇ ಜಗಳ, ಒಂದು ಸಲ ಕೈ ಕೈ ಮಿಲಾಯಿಸಿದ್ದೂ ಆಗಿತ್ತು. ಪರಿಚಯದ ಬೆಳೆಗಾರರೊಬ್ಬರ ಹತ್ತಿರ ಕಣದ ಮೇಲೆ ಹಾಸುವ ನೀಲಿ ಟಾರ್ಪಾಲು ಇಸ್ಕೊಂಡು ಬಂದಿದ್ದೆ. ಕಾಫಿ ಸಿಪ್ಪೆಯ ಹುಳಿ ವಾಸನೆ ಇನ್ನೂ ಹೋಗಿರಲಿಲ್ಲ. ಅದನ್ನು ಹಾಸ್ಟೆಲ್ ಹಿಂದಿನ ಹುಲ್ಲಿನ ಮೇಲೆ ನಾಲ್ಕು ಮಡಿಕೆ ಮಾಡಿ ಹಾಸಿ, ಹನ್ನೊಂದು ಜನರನ್ನೂ ಅದರ ಮೇಲೆ ನಿಲ್ಲಿಸಿದೆ. ಆಟ ಇಷ್ಟೇ: ಯಾರೂ ಹುಲ್ಲಿಗೆ ಕಾಲಿಡದೆ ಟಾರ್ಪಾಲನ್ನು ಮಗುಚಬೇಕು. ಕೆಳಗಿನ ಮೈ ಮೇಲೆ ಬರಬೇಕು. ಒಬ್ಬರ ಕಾಲು ಹುಲ್ಲಿಗೆ ತಾಗಿದರೂ ಮೊದಲಿಂದ ಶುರು.

ಮೊದಲ ಎರಡು ನಿಮಿಷ ಎಲ್ಲರೂ ಒಳ್ಳೆಯವರು. ‘ನೀನು ಹೇಳು ಮಗಾ’, ‘ಇಲ್ಲ ನೀನೇ ಹೇಳು.’ ಆಮೇಲೆ ಗಲಾಟೆ. ಟಕ್‌ಮನ್ ಅನ್ನೋ ಮನಶ್ಶಾಸ್ತ್ರಜ್ಞ 1965ರಲ್ಲೇ ಬರೆದಿದ್ದಾರೆ, ಯಾವ ಗುಂಪಾದರೂ ಮೊದಲು ಒಟ್ಟು ಸೇರುತ್ತದೆ, ಆಮೇಲೆ ಕಿತ್ತಾಡುತ್ತದೆ, ಕಿತ್ತಾಡಿದ ಮೇಲೆ ಒಂದು ಹೊಂದಾಣಿಕೆಗೆ ಬಂದು ಕೆಲಸ ಮಾಡುತ್ತದೆ ಅಂತ. ಹಾಸ್ಟೆಲಿನಲ್ಲಿ ಆರು ತಿಂಗಳು ಹಿಡಿಯುವ ಕಿತ್ತಾಟ ಟಾರ್ಪಾಲಿನ ಮೇಲೆ ಏಳು ನಿಮಿಷಕ್ಕೆ ಬರುತ್ತದೆ. ಇದೇ ಇದರ ಅನುಕೂಲ.

ಎಲ್ಲರಿಗಿಂತ ಉದ್ದದ ಹುಡುಗ ಒಬ್ಬ ಯಜಮಾನಿಕೆ ವಹಿಸಿಕೊಂಡ. ‘ನೀನು ಈ ಕಡೆ ಬಾ, ನೀನು ಅವನ ಹೆಗಲ ಮೇಲೆ ಹತ್ತು.’ ಮೂರು ಸಲ ಬಿದ್ದರು. ಮೂಲೆಯಲ್ಲಿ ಗುಂಪಿಗೇ ಚಿಕ್ಕವನು, ಮೂಡಿಗೆರೆ ಕಡೆಯವನು, ‘ಮೂಲೆ ತಿರುಚಿದ್ರೆ ಆಗುತ್ತೆ’ ಅಂದ. ಯಾರೂ ಕೇಳಲಿಲ್ಲ. ಇನ್ನೊಂದು ಸಲ ಅಂದ. ಆಗಲೂ ಇಲ್ಲ. ಮೂರನೇ ಸಲ ಹೇಳೋಕೆ ಹೋಗಲಿಲ್ಲ. ಸುಮ್ನೆ ಬಗ್ಗಿ, ತನ್ನ ಕಾಲಡಿಯ ಮೂಲೆಯನ್ನು ತಾನೇ ಹಿಡಿದು ತಿರುಚೋಕೆ ಶುರುಮಾಡಿದ. ಮಗುಚಿದ ಆ ತ್ರಿಕೋನದ ಮೇಲೆ ಒಂದು ಕಾಲಿಟ್ಟ. ಪಕ್ಕದವನು ನೋಡಿ, ‘ಲೇ, ಇಲ್ನೋಡ್ರೋ’ ಅಂದ. ಒಬ್ಬೊಬ್ಬರೇ ಆ ತ್ರಿಕೋನಕ್ಕೆ ಬಂದರು, ಟಾರ್ಪಾಲು ಜಾರುತ್ತ ಮಗುಚಿಕೊಂಡಿತು. ಒಟ್ಟು ಇಪ್ಪತ್ತಮೂರು ನಿಮಿಷ.

ಇಲ್ಲಿಗೆ ಮುಗಿಸಿ ಚಪ್ಪಾಳೆ ತಟ್ಟಿ ಬೋಂಡ ಕೊಟ್ಟು ಕಳಿಸಿದರೆ ಅದು ಕ್ರೀಡಾ ದಿನ. ತಪ್ಪೇನಲ್ಲ, ಆದರೆ ಕೌನ್ಸೆಲಿಂಗ್ ಅಲ್ಲ. ನಾವು ಅದೇ ಟಾರ್ಪಾಲಿನ ಮೇಲೆ ಸುತ್ತ ಕೂತೆವು.

ನಾನು ಕೇಳಿದ್ದು ಒಂದೇ: ‘ಏನೇನಾಯ್ತು ಹೇಳಿ.’ ಯಾರು ಸರಿ ಯಾರು ತಪ್ಪು ಅಂತಲ್ಲ. ಏನೇನಾಯ್ತು.

ಉದ್ದದ ಹುಡುಗ ಅಂದ, ‘ಇವನಿಗೆ ಗೊತ್ತಿತ್ತು ಮೇಡಂ. ಮೊದ್ಲೇ ಹೇಳ್ಬಹುದಿತ್ತು.’

ಚಿಕ್ಕವನು, ‘ಹೇಳ್ದೆ.’

‘ಯಾವಾಗ?’

‘ಎರಡು ಸಲ ಹೇಳ್ದೆ.’

ಯಾರೂ ಮಾತಾಡಲಿಲ್ಲ. ಇಂಥ ಹೊತ್ತಲ್ಲಿ ಕೌನ್ಸೆಲರ್ ಬಾಯಿ ಮುಚ್ಚಿಕೊಂಡಿರುವುದು ಬಹಳ ಕಷ್ಟ. ನಾನು ನನ್ನ ಬಳೆ ಎಣಿಸುತ್ತೇನೆ. ಸ್ವಲ್ಪ ಹೊತ್ತಾದ ಮೇಲೆ ಕೇಳಿದೆ, ‘ಇಂಥದ್ದು ಬೇರೆ ಎಲ್ಲಾದ್ರೂ ಆಗಿದ್ಯಾ?’ ಚಿಕ್ಕವನು ಹುಲ್ಲು ಕೀಳುತ್ತಾ, ‘ಮನೇಲೂ ಹಂಗೇ’ ಅಂದ. ಅಷ್ಟೇ. ನಾಲ್ಕು ಸಲ ನನ್ನ ರೂಮಿಗೆ ಬಂದು ರೆಕ್ಸಿನ್ ಕಿತ್ತಿದ್ದ ಹುಡುಗ. ಅಲ್ಲಿ ಬಾರದ ಮಾತು ಇಲ್ಲಿ ಬಂತು. ನಾನು ಮುಂದಕ್ಕೆ ಎಳೆಯಲಿಲ್ಲ.

ನನಗೆ ಆಶ್ಚರ್ಯ ಆಗಿದ್ದು ಉದ್ದದ ಹುಡುಗನಿಂದ. ಅವನನ್ನು ನಾನೂ ಮನಸ್ಸಲ್ಲೇ ‘ಇವನೇ ತೊಂದರೆ’ ಅಂತ ಬರೆದುಕೊಂಡಿದ್ದೆ. ಅವನು ಅಂದ, ‘ನಂಗೆ ಮೇಡಂ, ಏನಾದ್ರೂ ಹೇಳ್ತಾ ಇಲ್ದಿದ್ರೆ ಇವ್ನಿಗೇನೂ ಗೊತ್ತಿಲ್ಲ ಅನ್ಕೋತಾರೆ ಅಂತ ಭಯ.’ ಟಾರ್ಪಾಲಿಲ್ಲದೆ ಈ ಮಾತನ್ನು ಅವನ ಬಾಯಿಂದ ಹೊರಡಿಸೋಕೆ ನನಗೆ ಎಷ್ಟು ದಿನ ಹಿಡಿಯುತ್ತಿತ್ತೋ.

ಡೇವಿಡ್ ಕೋಲ್ಬ್ ಅನ್ನೋರು 1984ರಲ್ಲಿ ಅನುಭವದ ಕಲಿಕೆಯನ್ನು ಒಂದು ಚಕ್ರದ ಹಾಗೆ ವಿವರಿಸಿದರು. ಮೊದಲು ಒಂದು ಅನುಭವ ಆಗಬೇಕು. ಆಮೇಲೆ ಅದನ್ನು ಹಿಂದಿರುಗಿ ನೋಡಬೇಕು. ನೋಡಿದ್ದರಿಂದ ಒಂದು ಅರ್ಥ ಹೊಳೆಯಬೇಕು. ಆ ಅರ್ಥವನ್ನು ಹೊಸ ಜಾಗದಲ್ಲಿ ಪರೀಕ್ಷೆ ಮಾಡಬೇಕು, ಅದು ಮತ್ತೊಂದು ಅನುಭವ. ಟ್ರೈನಿಂಗ್‌ಗಳಲ್ಲಿ ಈ ಚಕ್ರವನ್ನು ಬೋರ್ಡಿನ ಮೇಲೆ ಬಹಳ ಚೆಂದ ಬರೆಯುತ್ತಾರೆ. ನಾನು ಮೂರು ಪ್ರಶ್ನೆ ಇಟ್ಟುಕೊಂಡಿದ್ದೇನೆ, ಅಷ್ಟರಲ್ಲೇ ಕೆಲಸ ಆಗುತ್ತದೆ: ಏನಾಯ್ತು? ಅದರಿಂದ ಏನು ಗೊತ್ತಾಯ್ತು? ನಾಳೆ ಏನು ಮಾಡ್ತೀರಿ? ಮೂರನೆಯದನ್ನು ಬಿಟ್ಟರೆ ಎಲ್ಲ ಟಾರ್ಪಾಲಿನ ಮೇಲೇ ಉಳಿಯುತ್ತದೆ. ಈ ಹುಡುಗರು ತಾವೇ ಒಂದು ನಿಯಮ ಮಾಡಿಕೊಂಡರು. ಮೆಸ್ಸಿನ ವಿಷಯವೋ ಟಿವಿ ವಿಷಯವೋ ತೀರ್ಮಾನ ಮಾಡುವ ಮುಂಚೆ, ಇನ್ನೂ ಮಾತಾಡದೆ ಇರುವವನನ್ನು ಒಂದು ಸಲ ಕೇಳಬೇಕು. ಎರಡು ವಾರ ನಡೆಸಿದರು, ಮೂರನೇ ವಾರ ಮರೆತರು. ಮತ್ತೆ ಕೂತು ಮಾತಾಡಿದೆವು. ಹಂಗೇ ನಡೆಯುತ್ತೆ ಇದು.

ಇನ್ನು ನನ್ನ ಒಂದು ತಪ್ಪು. ಇದನ್ನು ಹೇಳದೆ ಹೋದರೆ ನಾನು ಬಂದದ್ದಕ್ಕೆ ಅರ್ಥವಿಲ್ಲ.

ಕೆಲವು ವರ್ಷಗಳ ಹಿಂದೆ, ಒಂದು ಶಾಲೆಯ ಶಿಬಿರ. ‘ಟ್ರಸ್ಟ್ ಫಾಲ್’ ನೋಡಿರುತ್ತೀರಿ. ಕಟ್ಟೆಯ ಮೇಲೆ ನಿಂತು ಬೆನ್ನು ಹಾಕಿ ಹಿಂದಕ್ಕೆ ಬೀಳುವುದು, ಉಳಿದವರು ಕೈ ಜೋಡಿಸಿ ಹಿಡಿಯುವುದು. ಒಂಬತ್ತನೇ ಕ್ಲಾಸಿನ ಒಂದು ಹುಡುಗಿ ಕಟ್ಟೆ ಹತ್ತಿದವಳು ‘ಬೇಡ ಮೇಡಂ’ ಅಂದಳು. ಎಲ್ಲರೂ ‘ಬೀಳು ಬೀಳು’ ಅಂತ ತಾಳ ಹಾಕಿದರು. ನಾನೂ ಚಪ್ಪಾಳೆ ತಟ್ಟಿದೆ. ಅವಳು ಕಣ್ಣು ಮುಚ್ಚಿ ಬಿದ್ದಳು. ಹಿಡಿದರು. ನಕ್ಕಳು. ‘ಭಯ ಗೆದ್ದಳು’ ಅಂತ ನನ್ನ ಡೈರಿಯಲ್ಲಿ ಬರೆದುಕೊಂಡೆ. ಮುಂದಿನ ವಾರದಿಂದ ಗುಂಪಿಗೆ ಬರಲಿಲ್ಲ. ತಿಂಗಳುಗಳಾದ ಮೇಲೆ ಒಂದು ದಿನ ಅವಳಾಗೇ ಬಂದು ಮಾತಾಡಿದಳು. ಮೈಮೇಲೆ ಬೀಳುವ ಕೈಗಳನ್ನು ನಂಬದೆ ಇರೋಕೆ ಅವಳಿಗೆ ಕಾರಣ ಇತ್ತು. ಅದನ್ನೆಲ್ಲ ಹೇಳಿ ಕೊನೆಗೆ ಅಂದಳು, ‘ಅವತ್ತು ನೀವೂ ಚಪ್ಪಾಳೆ ತಟ್ಟಿದ್ರಿ ಮೇಡಂ.’

ಆಮೇಲೆ ನಾನು ಆ ಆಟ ಆಡಿಸಿಲ್ಲ.

ಪ್ರಾಜೆಕ್ಟ್ ಅಡ್ವೆಂಚರ್‌ನ ಕಾರ್ಲ್ ರಾಂಕಿ ಅನ್ನೋರಿಂದ ಹಬ್ಬಿದ ಒಂದು ನಿಯಮ ಇದೆ, ‘ಚಾಲೆಂಜ್ ಬೈ ಚಾಯ್ಸ್’. ಸವಾಲು ಇರಲಿ, ಆದರೆ ತಗೊಳ್ಳೋದು ಬಿಡೋದು ನಿನಗೆ ಸೇರಿದ್ದು. ನಾನು ಅದನ್ನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಚಪ್ಪಾಳೆಯ ಸದ್ದಲ್ಲಿ ನೆನಪಾಗಲಿಲ್ಲ. ನಮ್ಮ ಕಡೆ ಇದು ಇನ್ನೂ ಕಷ್ಟ. ‘ಬೇಡ’ ಅನ್ನೋ ಮಗುವನ್ನು ನಾವು ಬಿಡುವುದೇ ಇಲ್ಲ. ಇನ್ನೊಂದು ಸೌಟು ಸಾರು ಬಡಿಸುವಾಗಲೂ ಬಿಡಲ್ಲ! ಬೇಡ ಅಂದವರು ಹೊರಗೆ ಕೂರಬೇಕು ಅಂತಲೂ ಅಲ್ಲ. ಹಗ್ಗ ಹಿಡಿಯಬಹುದು, ಟೈಮು ನೋಡಬಹುದು, ಕೆಳಗಿಂದ ದಾರಿ ಹೇಳಬಹುದು, ಅರ್ಧ ಹತ್ತಿ ಇಳಿಯಬಹುದು. ಒಂದು ಹುಡುಗಿ ಮೂರು ಗೋಡೆ ಹತ್ತುವುದಕ್ಕಿಂತ, ಹನ್ನೊಂದು ಜನರ ಮುಂದೆ ಗಟ್ಟಿಯಾಗಿ ‘ನಂಗೆ ಬೇಡ’ ಅಂದು, ಅದನ್ನು ಎಲ್ಲರೂ ಒಪ್ಪಿಕೊಂಡದ್ದು ಅವಳಿಗೆ ದೊಡ್ಡ ಅನುಭವ ಆಗಿರಬಹುದು.

ಒತ್ತಾಯ ಎಲ್ಲಿಗೆ ಮುಟ್ಟುತ್ತದೆ ಅನ್ನೋದಕ್ಕೆ ಅಮೆರಿಕದ ಉದಾಹರಣೆ ಇದೆ. ಅಲ್ಲಿ ‘ಕೆಟ್ಟುಹೋದ’ ಮಕ್ಕಳನ್ನು ಕಾಡು, ಮರುಭೂಮಿಗೆ ಕರೆದೊಯ್ದು ತಿದ್ದುತ್ತೇವೆ ಅನ್ನೋ ಖಾಸಗಿ ಶಿಬಿರಗಳು ಹುಟ್ಟಿಕೊಂಡವು. ಕೆಲವು ಕಡೆ ರಾತ್ರೋರಾತ್ರಿ ಮಕ್ಕಳನ್ನು ಎಬ್ಬಿಸಿ ಸಾಗಿಸುತ್ತಿದ್ದರು. ಸತ್ತವರೂ ಇದ್ದಾರೆ. 2007ರಲ್ಲಿ ಅಲ್ಲಿನ ಸರ್ಕಾರಿ ಲೆಕ್ಕಪತ್ರ ತಪಾಸಣೆ ಸಂಸ್ಥೆ ಸಂಸತ್ತಿಗೆ ವರದಿ ಕೊಟ್ಟಿತು. ಅದರಲ್ಲಿ ಇಂಥ ಹತ್ತು ಮಕ್ಕಳ ಸಾವನ್ನು ಒಂದೊಂದಾಗಿ ಪರಿಶೀಲಿಸಿದ್ದರು. ‘ನಾಟಕ ಆಡ್ತಿದ್ದಾನೆ’ ಅಂತ ಕಾಯಿಲೆಯ ಲಕ್ಷಣಗಳನ್ನು ಕಡೆಗಣಿಸಿದ್ದು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಸುಸ್ತಾಯ್ತು ಅಂದ ಮಗುವಿಗೆ ಸುಸ್ತಾಗಿದೆ. ಅಷ್ಟೇ.

ನಿಮ್ಮಲ್ಲಿ ತೋಟದವರು ಇದ್ದೀರಿ, ಅದಕ್ಕೆ ಒಂದು ಮಾತು. ಫೆಬ್ರವರಿ, ಮಾರ್ಚಲ್ಲಿ ಮೆಣಸು ಕುಯ್ಯುವಾಗ ಸಿಲ್ವರ್ ಮರಕ್ಕೆ ಏಣಿ ಹಾಕುತ್ತೀರಲ್ಲ. ಮೇಲೆ ಹತ್ತಿದವನು ಎಲ್ಲರಿಗೂ ಕಾಣುತ್ತಾನೆ. ಕೆಳಗೆ ಏಣಿ ಹಿಡಿದವನು ಕಾಣುವುದಿಲ್ಲ. ಅವನು ಸ್ವಲ್ಪ ಕೈ ಸಡಿಲ ಬಿಟ್ಟರೆ ಏನಾಗುತ್ತೆ ಅನ್ನೋದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬಂಡೆ ಹತ್ತುವ ಚಟುವಟಿಕೆಯಲ್ಲೂ ಕೆಳಗೆ ಹಗ್ಗ ಹಿಡಿಯುವ ಕೆಲಸ ಇದೆ, ಬಿಲೇ ಅಂತಾರೆ. ಹೊಸಬರು ಹತ್ತುವವನ ಮೇಲೇ ಕಣ್ಣಿಡುತ್ತಾರೆ. ನನಗೆ ಹಗ್ಗ ಹಿಡಿದವನ ಮೇಲೆ ಕಣ್ಣು.

ಒಂದು ಗುಂಪಲ್ಲಿ ಒಬ್ಬ ಹುಡುಗ ಇದ್ದ. ರೂಮಲ್ಲಿ ದುಡ್ಡು ಕದ್ದ ಅಂತ ಹೆಸರು ಬಿದ್ದಿತ್ತು, ಕದ್ದದ್ದೂ ನಿಜ. ಅವನಿಗೆ ಬಿಲೇ ಹಗ್ಗ ಕೊಟ್ಟಾಗ ‘ಇವನ ಕೈಗಾ?’ ಅಂತ ಗುಸುಗುಸು. ಅವನ ಹಿಂದೆ ತರಬೇತಾದ ಇನ್‌ಸ್ಟ್ರಕ್ಟರ್ ಬ್ಯಾಕಪ್ ಹಗ್ಗ ಹಿಡಿದು ನಿಂತಿದ್ದರು, ಅದಿಲ್ಲದೆ ನಾನು ಹೀಗೆ ಮಾಡುವುದಿಲ್ಲ. ಒಬ್ಬ ಮಾತ್ರ ‘ನಾನು ಹತ್ತುತೀನಿ’ ಅಂದ. ಹತ್ತು ನಿಮಿಷ ಆ ಹುಡುಗ ಕಣ್ಣು ಮಿಟುಕಿಸಿದ್ದನ್ನು ನಾನು ನೋಡಲಿಲ್ಲ. ಮೇಲಿನವನು ಇಳಿದು ಬಂದು ‘ಥ್ಯಾಂಕ್ಸ್ ಮಗಾ’ ಅಂದ. ಆಮೇಲೆ ಮಾತಿಗೆ ಕೂತಾಗ ಇವನು ಏನೂ ಹೇಳಲಿಲ್ಲ. ಕೈ ತೋರಿಸಿದ. ಗ್ಲೌಸಿನೊಳಗೆ ಅಂಗೈ ಒದ್ದೆಯಾಗಿ ಸುಕ್ಕುಗಟ್ಟಿತ್ತು.

ಜಾಗ್ರತೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಆದರೆ ಇದನ್ನು ಯಾರೂ ಹಗುರವಾಗಿ ತಗೋಬಾರದು. ಎತ್ತರದ ಹಗ್ಗ, ಬಂಡೆ, ನದಿ ಇವನ್ನು ಕೌನ್ಸೆಲರ್ ತಾನೇ ಮಾಡಿಸಬಾರದು. ಅದಕ್ಕೆ ಕಲಿತವರು ಬೇಕು. ನಮ್ಮ ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಅಲ್ಲಿ ತರಬೇತಾದವರನ್ನು ವಿಚಾರಿಸಿ. ಹಾಗೇ ಸಾಹಸದವರು ಕೌನ್ಸೆಲಿಂಗ್ ಮಾಡಬಾರದು. ಇಬ್ಬರೂ ಜೊತೆಯಲ್ಲಿರಬೇಕು. ಉಬ್ಬಸ, ಫಿಟ್ಸ್, ಹೃದಯದ ತೊಂದರೆ, ಅಲರ್ಜಿ ಇದೆಯಾ ಅಂತ ಮೊದಲೇ ಬರೆಸಿಕೊಳ್ಳಿ. ಮನೆಯವರ ಒಪ್ಪಿಗೆ ಪತ್ರ ಬೇಕು. ಕಾಡಿನ ದಾರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮೂಡಿಗೆರೆ, ಸಕಲೇಶಪುರ, ಆಲೂರಿನ ಕಡೆ ಆನೆ ಎಲ್ಲಿದೆ ಅಂತ ವಿಚಾರಿಸದೆ ತೋಟದ ಅಂಚಿಗೂ ಹೋಗಬೇಡಿ. ಮಳೆಗಾಲದಲ್ಲಿ ಉಂಬಳಕ್ಕೆ, ಅಂದರೆ ಜಿಗಣೆಗೆ, ಉಪ್ಪಿನ ಗಂಟು ಇಟ್ಟುಕೊಳ್ಳಿ. ಉಂಬಳದ ಬಗ್ಗೆ ನಾನು ಜಾಸ್ತಿ ದೂರುವುದಿಲ್ಲ. ಒಬ್ಬರ ಕಾಲಿಂದ ಇನ್ನೊಬ್ಬರು ಅದನ್ನು ಕಿತ್ತುಕೊಡುವಾಗ ಶುರುವಾದ ಸ್ನೇಹಗಳನ್ನು ನೋಡಿದ್ದೇನೆ.

ಗುಟ್ಟಿನ ವಿಷಯ. ಗುಂಪಲ್ಲಿ ಹೇಳಿದ್ದು ಗುಂಪಲ್ಲೇ ಇರಬೇಕು ಅಂತ ಮೊದಲ ದಿನವೇ ಮಾತು ತಗೊಳ್ಳುತ್ತೇವೆ. ಆದರೆ ಕೆಲವನ್ನು ನಾನು ಗುಟ್ಟಾಗಿ ಇಡೋಕೆ ಆಗಲ್ಲ ಅಂತಲೂ ಅವತ್ತೇ ಹೇಳುತ್ತೇನೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ತಿಳಿಸಲೇಬೇಕು. ಸಾಯುವ ಯೋಚನೆ ಇರುವ ಮಗುವನ್ನು ಟಾರ್ಪಾಲಿನ ಮೇಲೆ ನಿಲ್ಲಿಸಬೇಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ರಾತ್ರಿ ಹೊತ್ತು ದಾರಿ ಕಾಣದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ.

ಮಾತು ಮುಗಿದ ಮೇಲೆ ಒಬ್ಬ ಶಿಕ್ಷಕರು ಎದ್ದು, ‘ಇದರಿಂದ ಉಪಯೋಗ ಆಗುತ್ತೆ ಅನ್ನೋದಕ್ಕೆ ಲೆಕ್ಕ ಇದೆಯಾ ಮೇಡಂ?’ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. 2013ರಲ್ಲಿ ಬೋವೆನ್ ಮತ್ತು ನೀಲ್ ಅನ್ನೋ ಇಬ್ಬರು ಈ ಬಗೆಯ 197 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ್ದಾರೆ. ಪರಿಣಾಮ ಮಧ್ಯಮ ಮಟ್ಟದ್ದು ಅಂತ ಅವರ ಲೆಕ್ಕ. ಪವಾಡ ಅಲ್ಲ, ಸುಳ್ಳೂ ಅಲ್ಲ. ಮಾರ್ಕ್ಸ್ ಜಾಸ್ತಿಯಾಗುತ್ತೆ ಅಂತ ಮಾತ್ರ ನಾನು ಯಾರಿಗೂ ಮಾತು ಕೊಡಲ್ಲ.

ಒಬ್ಬ ತಾಯಿ ಕೇಳಿದರು, ‘ದೇವೀರಮ್ಮನ ಬೆಟ್ಟಕ್ಕೆ ಮಗಳನ್ನ ಕರ್ಕೊಂಡು ಹೋಗ್ತೀನಿ, ಅದೂ ಇದೇನಾ?’ ದೀಪಾವಳಿಯ ಹೊತ್ತಿಗೆ ಬಿಂಡಿಗದ ಬೆಟ್ಟವನ್ನು ಬರಿಗಾಲಲ್ಲಿ ಹತ್ತಿದವರು ಆ ಸಭೆಯಲ್ಲಿ ಬಹಳ ಜನ ಇದ್ದರು. ಜಾರುವ ಕಡೆ ಗುರುತಿಲ್ಲದವರು ಕೈ ಕೊಡುತ್ತಾರೆ, ಅವರ ಜಾತಿ ಊರು ಯಾರೂ ಕೇಳುವುದಿಲ್ಲ. ನಾನಂದೆ, ‘ಅದು ಹರಕೆ, ಅದನ್ನ ಕೌನ್ಸೆಲಿಂಗ್ ಮಾಡೋಕೆ ಹೋಗ್ಬೇಡಿ. ಆದ್ರೆ ಇಳಿದು ಬಂದ ಮೇಲೆ ಬಸ್ಸಲ್ಲಿ ಕೂತಾಗ, ಯಾರು ಕೈ ಕೊಟ್ರು ಅಂತ ಒಂದು ಸಲ ಮಗಳನ್ನ ಕೇಳಿ.’

ಕೊನೆಗೆ ಹಿಂದಿನ ಸಾಲಿನಿಂದ ವಯಸ್ಸಾದ ಬೆಳೆಗಾರರೊಬ್ಬರು ಎದ್ದರು. ಸ್ವಲ್ಪ ಸಿಟ್ಟಲ್ಲೇ ಇದ್ದರು. ‘ನೋಡಮ್ಮ, ನಮ್ ಕಾಲದಲ್ಲಿ ಇದೆಲ್ಲ ಇರ್ಲಿಲ್ಲ. ದಿನಾ ಹಳ್ಳ ದಾಟಿ, ಗುಡ್ಡ ಹತ್ತಿ ಇಳಿದು ಸ್ಕೂಲಿಗೆ ಹೋಗ್ತಿದ್ವಿ. ನಮಗ್ಯಾರೂ ಹಗ್ಗ ಕಟ್ಲಿಲ್ಲ, ಸುತ್ತ ಕೂರಿಸ್ಕೊಂಡು ಕೇಳ್ಲೂ ಇಲ್ಲ.’

ನಾನು, ‘ಜೊತೆಗೆ ಯಾರ್‍ಯಾರು ಬರ್ತಿದ್ರು ಸಾರ್?’ ಅಂದೆ.

ಅವರು ನಾಲ್ಕು ಹೆಸರು ಹೇಳಿದರು. ಹಳ್ಳ ತುಂಬಿದ ದಿನ ಯಾರು ಮೊದಲು ಇಳಿಯುತ್ತಿದ್ದರು, ಯಾರ ಬ್ಯಾಗು ಯಾರ ತಲೆಯ ಮೇಲೆ ಹೋಗುತ್ತಿತ್ತು, ಎಲ್ಲ ಹೇಳಿದರು. ಆ ನಾಲ್ವರಲ್ಲಿ ಒಬ್ಬರು ಈಗಿಲ್ಲ ಅಂದರು. ಅಲ್ಲಿಗೆ ಸಿಟ್ಟು ಹೋಗಿತ್ತು. ಅಷ್ಟರಲ್ಲಿ ಮತ್ತೆ ಕರೆಂಟ್ ಹೋಯಿತು. ಮೈಕ್ ಇಲ್ಲದೆಯೇ ಅವರು ಮುಂದುವರಿಸಿದರು, ಮುಂದಿನ ಸಾಲಿನವರೆಲ್ಲ ಕುರ್ಚಿಯಲ್ಲಿ ತಿರುಗಿ ಕೂತು ಕೇಳಿದರು. ಹಾಲ್ ಬೀಗ ಹಾಕುವವರು ಬಾಗಿಲಲ್ಲಿ ಟಾರ್ಚ್ ಹಿಡಿದು ನಿಂತಿದ್ದರು.